ಲಿವರ್ ಕ್ಯಾನ್ಸರ್ ಮತ್ತು ಒಂದು ಹಳೆಯ ಬಿ.ಪಿ. ಮಾತ್ರೆ

ಲಿವರ್ ಕಾಯಿಲೆಯವರ ಮನೆಗೆ ಭೇಟಿ ನೀಡುವ ಕಾರ್ಯಕರ್ತರು ಅವರ ಔಷಧಿಯ ಚೀಲದಲ್ಲಿ ಪ್ರೊಪ್ರನೊಲಾಲ್ ಎಂಬ ಸಣ್ಣ ಮಾತ್ರೆಯನ್ನು ನೋಡಿರಬಹುದು. ಕರಾವಳಿಯಲ್ಲಾಗಲಿ, ಘಟ್ಟದ ಮೇಲೆ ಅಜ್ಜಂಪುರ ತಾಲೂಕಿನ ಬುಕ್ಕಾಂಬುಧಿಯಂತಹ ಹಳ್ಳಿಗಳಲ್ಲಾಗಲಿ, "ಬಿ.ಪಿ. ಇಲ್ಲದವರಿಗೆ ಬಿ.ಪಿ. ಮಾತ್ರೆ ಯಾಕೆ?" ಎಂದು ಮನೆಯವರೇ ಅದನ್ನು ನಿಲ್ಲಿಸಿಬಿಡುವುದುಂಟು. ಇದೇ ಮಾತ್ರೆ ಕ್ಯಾನ್ಸರ್ ಗುಣಪಡಿಸುತ್ತದಂತೆ ಎಂಬ ಸುದ್ದಿಯೂ ಹರಡುತ್ತಿದೆ. ಎರಡೂ ಅಪಾಯಕರವಾದ್ದರಿಂದ ಈ ವಿವರಣೆ.

ಭಯ, ಚಿಂತೆ, ನೋವು ಉಂಟಾದಾಗ ನಮ್ಮ ದೇಹದಲ್ಲಿ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಇವು ಜೀವಕೋಶದ ಮೇಲಿರುವ 'ಬೀಟಾ ಗ್ರಾಹಕ'ಗಳಿಗೆ, ಬೀಗಕ್ಕೆ ಕೀಲಿ ಕೂಡಿದಂತೆ, ಕೂಡಿಕೊಳ್ಳುತ್ತವೆ. ಆಗ ಹೃದಯದ ಬಡಿತ ಏರುತ್ತದೆ. ಲಿವರ್ ಕ್ಯಾನ್ಸರಿನ ಕೋಶಗಳಲ್ಲಿಯೂ ಈ ಗ್ರಾಹಕಗಳಿವೆ. ಅವು ಪ್ರಚೋದನೆಗೊಂಡರೆ ಕೋಶಗಳು ಬೇಗ ಬೆಳೆಯುತ್ತವೆ, ಗಡ್ಡೆಗೆ ಹೊಸ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ ಎಂದು ಪ್ರಯೋಗಾಲಯದ ಅಧ್ಯಯನಗಳು ಸೂಚಿಸಿವೆ. ಪ್ರೊಪ್ರನೊಲಾಲ್ ಆ ಬೀಗದ ಕಿಂಡಿಯನ್ನು ಮುಚ್ಚುತ್ತದೆ.

ಈ ಔಷಧಿಯನ್ನು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದಯರೋಗಕ್ಕಾಗಿ ರೂಪಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಲಿವರಿಗೆ ಬಂದದ್ದು ಬೇರೆ ದಾರಿಯಿಂದ. ಸಿರೋಸಿಸ್ ಆದವರಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದು ರಕ್ತವಾಂತಿಯಾಗುತ್ತದೆ. ಫ್ರಾನ್ಸಿನ ಡಿಡಿಯೆ ಲೆಬ್ರೆಕ್ ಅವರ ತಂಡ 1980ರ ಸುಮಾರಿಗೆ, ಪ್ರೊಪ್ರನೊಲಾಲ್ ಆ ಒತ್ತಡವನ್ನು ಇಳಿಸುತ್ತದೆಂದು ತೋರಿಸಿತು. ಅಂದರೆ ಮನೆಯ ರೋಗಿಗೆ ಅದನ್ನು ಕೊಟ್ಟಿರುವುದು ಸಾಮಾನ್ಯವಾಗಿ ರಕ್ತಸ್ರಾವ ತಡೆಯಲು, ಬಿ.ಪಿ.ಗಾಗಿ ಅಲ್ಲ. 2019ರಲ್ಲಿ ಪ್ರಕಟವಾದ ಸ್ಪೇನಿನ ಪರೀಕ್ಷೆಯೊಂದರಲ್ಲಿ ಸುಮಾರು 200 ರೋಗಿಗಳ ಪೈಕಿ, ಇಂತಹ ಮಾತ್ರೆ ತೆಗೆದುಕೊಂಡವರಲ್ಲಿ ರೋಗ ಉಲ್ಬಣಿಸಿದ್ದು ಅಥವಾ ಸಾವು ಸಂಭವಿಸಿದ್ದು ಶೇ. 16, ತೆಗೆದುಕೊಳ್ಳದವರಲ್ಲಿ ಶೇ. 27.

ಕ್ಯಾನ್ಸರಿನ ವಿಷಯ ಇನ್ನೂ ಅಷ್ಟು ಖಚಿತವಿಲ್ಲ. ಈ ಮಾತ್ರೆ ಸೇವಿಸುತ್ತಿದ್ದ ಸಿರೋಸಿಸ್ ರೋಗಿಗಳಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಂಡಿದೆ, ಕ್ಯಾನ್ಸರ್ ಆದವರೂ ಹೆಚ್ಚು ಕಾಲ ಬದುಕಿದ್ದಾರೆ ಎಂದು ಹಲವು ದೇಶಗಳ ದಾಖಲೆಗಳ ಅಧ್ಯಯನಗಳು ಹೇಳಿವೆ. ಆದರೆ ಮಾತ್ರೆಯನ್ನು ತಡೆದುಕೊಳ್ಳಬಲ್ಲವರಿಗೇ ವೈದ್ಯರು ಕೊಟ್ಟಿರುತ್ತಾರೆ; ಅವರು ಮೊದಲೇ ಸ್ವಲ್ಪ ಗಟ್ಟಿಮುಟ್ಟಾಗಿದ್ದಿರಬಹುದು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸುವ ದೊಡ್ಡ ಪರೀಕ್ಷೆ ಇದನ್ನು ದೃಢಪಡಿಸುವವರೆಗೆ ಇದು ಕ್ಯಾನ್ಸರ್ ಚಿಕಿತ್ಸೆಯಲ್ಲ.

ಇನ್ನೊಂದು ಮಾತು. "ಅಷ್ಟು ಚಿಂತೆ ಮಾಡಿದ್ದಕ್ಕೇ ಕ್ಯಾನ್ಸರ್ ಬಂತು" ಎಂದು ರೋಗಿಯ ಮುಂದೆ ಯಾರೂ ಹೇಳಬಾರದು. ನಮ್ಮಲ್ಲಿ ಲಿವರ್ ಕ್ಯಾನ್ಸರಿಗೆ ಮುಖ್ಯ ಕಾರಣಗಳು ಹೆಪಟೈಟಿಸ್ ಬಿ ಮತ್ತು ಸಿ, ಮದ್ಯಪಾನ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿನ ಲಿವರ್. ಬೂಷ್ಟು ಹಿಡಿದ ಶೇಂಗಾ, ಜೋಳದಲ್ಲಿನ ವಿಷವೂ ಸೇರುತ್ತದೆ. ಹೆಪಟೈಟಿಸ್ ಬಿ ಲಸಿಕೆಯನ್ನು ಮಗು ಹುಟ್ಟಿದ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕಲಾಗುತ್ತದೆ.

ಅಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಉಸಿರಾಟಕ್ಕೆ ತೊಂದರೆ ಮಾಡಬಹುದು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗ ಬರುವ ಎದೆಬಡಿತದ ಎಚ್ಚರಿಕೆಯನ್ನು ಅದು ಮರೆಮಾಚುತ್ತದೆ. ಬಿ.ಪಿ. ತೀರಾ ಇಳಿದರೆ, ನಾಡಿ ನಿಧಾನವಾದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ವೈದ್ಯರು ಪ್ರಮಾಣ ತಗ್ಗಿಸಬಹುದು ಅಥವಾ ನಿಲ್ಲಿಸಬಹುದು. ಅದು ಅವರ ನಿರ್ಧಾರವಾಗಿರಲಿ. ಸಿರೋಸಿಸ್ ಆದವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ಹೋಗುವಾಗ ಹಳೆಯ ಚೀಟಿ, ಮಾತ್ರೆಯ ಪಟ್ಟಿ ಎರಡನ್ನೂ ಜೊತೆಗೆ ಒಯ್ಯಲಿ.