ಅಕ್ಷರ ಓದಬಲ್ಲ ಕಣ್ಣಿಗೆ ಮೆಟ್ಟಿಲೇಕೆ ಕಾಣದು?

ನೇತ್ರ ತಪಾಸಣೆಯಲ್ಲಿ ಕೊನೆಯ ಸಾಲಿನ ಅಕ್ಷರಗಳನ್ನೂ ಸರಾಗವಾಗಿ ಓದಿದವರು ಸಂಜೆಯ ಮಬ್ಬಿನಲ್ಲಿ ಮೆಟ್ಟಿಲಿನ ಅಂಚು ಕಾಣದೆ ಎಡವುವುದುಂಟು. ನೆದರ್ಲೆಂಡ್ಸ್‌ನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕವು ಬಿಳುಪಿನ ಮೇಲಿನ ಕಡುಗಪ್ಪನ್ನು ಮಾತ್ರ ಓದಿಸುತ್ತದೆ. ನಿತ್ಯಜೀವನದಲ್ಲಿ ಕಣ್ಣಿಗೆ ಎದುರಾಗುವುದು ಬೂದುಬಣ್ಣದ ನೆಲಕ್ಕೆ ಸೇರಿದ ಬೂದುಬಣ್ಣದ ಮೆಟ್ಟಿಲು, ಬಿಳಿ ತಟ್ಟೆಯಲ್ಲಿನ ಬಿಳಿ ಅನ್ನ. ಹಿನ್ನೆಲೆಗಿಂತ ಅಲ್ಪವೇ ಭಿನ್ನವಾದುದನ್ನು ಗುರುತಿಸುವ ಈ ಸಾಮರ್ಥ್ಯಕ್ಕೆ ತಜ್ಞರು ಕಾಂಟ್ರಾಸ್ಟ್ ಸಂವೇದನೆ ಎನ್ನುತ್ತಾರೆ.

ವಯಸ್ಸಾದಂತೆ ಇದು ಕುಂದುವುದು ಸಹಜ. ಕಣ್ಣಿನ ಪಾಪೆ ಕಿರಿದಾಗುತ್ತದೆ. ಮಸೂರ ಹಳದಿಗಟ್ಟಿ ಬೆಳಕನ್ನು ತಡೆಯುತ್ತದೆ, ಚದುರಿಸುತ್ತದೆ. 20ರ ಹರೆಯಕ್ಕೆ ಹೋಲಿಸಿದರೆ 60ರಲ್ಲಿ ಅಕ್ಷಿಪಟಲವನ್ನು ತಲುಪುವ ಬೆಳಕು ಸುಮಾರು ಮೂರನೇ ಒಂದು ಭಾಗ. ನರಕೋಶಗಳ ಸವೆತವೂ ಇದಕ್ಕೆ ಸೇರುತ್ತದೆ. ಆದರೂ ಒಳ್ಳೆಯ ಬೆಳಕಿನ ವ್ಯವಸ್ಥೆಯಿಂದ, ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಯಿಂದ ಗಣನೀಯ ಸುಧಾರಣೆ ಸಾಧ್ಯ.

ಗ್ಲಾಕೋಮಾ ಹಾಗಲ್ಲ. ಅದು ದೃಷ್ಟಿನರವನ್ನೇ ಹಾಳುಮಾಡುತ್ತದೆ. ಆ ನರದ ಸುಮಾರು 10 ಲಕ್ಷ ತಂತುಗಳು ಅಕ್ಷಿಪಟಲದ ಗ್ಯಾಂಗ್ಲಿಯನ್ ಕೋಶಗಳಿಂದ ಹೊರಡುತ್ತವೆ. ಇಂತಹ ಬಹುತೇಕ ಕೋಶಗಳು ತಮ್ಮ ಪಾಲಿನ ಪುಟ್ಟ ವಲಯದ ನಡುವಿನ ಬೆಳಕನ್ನು ಸುತ್ತಲಿನ ಬೆಳಕಿನೊಡನೆ ತಾಳೆ ನೋಡಿ, ವ್ಯತ್ಯಾಸವನ್ನು ಮಿದುಳಿಗೆ ತಿಳಿಸುತ್ತವೆ. ಅವು ಸಾಯುತ್ತ ಹೋದಂತೆ ವ್ಯತ್ಯಾಸದ ಅರಿವೂ ಮಸುಕಾಗುತ್ತದೆ. ಅಕ್ಷರಫಲಕದ ಓದು ಮಾತ್ರ ಬಹುಕಾಲ ಹಾಗೆಯೇ ಉಳಿಯಬಹುದು. ಸತ್ತ ಕೋಶ ಮತ್ತೆ ಹುಟ್ಟದು. ರೋಗದ ಸಾಮಾನ್ಯ ಬಗೆಯಲ್ಲಿ ನೋವೂ ಇರುವುದಿಲ್ಲ.

ಭಾರತದಲ್ಲಿ 40 ದಾಟಿದ ಸುಮಾರು 1.1 ಕೋಟಿ ಜನರಿಗೆ ಗ್ಲಾಕೋಮಾ ಇದೆಯೆಂದು 2010ರಲ್ಲಿ ಅಂದಾಜಿಸಲಾಗಿತ್ತು. ಬಹುಪಾಲು ರೋಗಿಗಳಿಗೆ ಅದರ ಅರಿವೇ ಇರುವುದಿಲ್ಲ. ಮಬ್ಬು ಕಾಣುತ್ತಿದೆ ಎಂದು ಹಿರಿಯರು ಹೇಳಿದಾಗ ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುವುದು ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ.

1988ರಲ್ಲಿ ಪರಿಚಯಿಸಲಾದ ಪೆಲ್ಲಿ-ರಾಬ್ಸನ್ ಫಲಕದಲ್ಲಿ ಅಕ್ಷರಗಳ ಗಾತ್ರ ಬದಲಾಗದು. ಮೂರು ಮೂರು ಅಕ್ಷರಗಳ ಗುಂಪುಗಳಾಗಿ ಬಣ್ಣ ಮಾತ್ರ ತಿಳಿಯಾಗುತ್ತ ಹೋಗುತ್ತದೆ. ಪೊರೆಯಿದ್ದವರಿಗೂ ಇಲ್ಲಿ ಅಂಕ ತಗ್ಗುವುದರಿಂದ ಇದೊಂದನ್ನೇ ನೆಚ್ಚಿ ಗ್ಲಾಕೋಮಾ ಎನ್ನಲಾಗದು. ಕಣ್ಣಿನ ಒತ್ತಡದ ಅಳತೆಯೂ ಸಾಲದು. ಒತ್ತಡ ಸಹಜವಿದ್ದೂ ನರ ಹಾನಿಗೊಳ್ಳುವವರಿದ್ದಾರೆ. ದೃಷ್ಟಿನರದ ವೀಕ್ಷಣೆ, ದೃಷ್ಟಿಕ್ಷೇತ್ರ ಪರೀಕ್ಷೆ ಮತ್ತು ಓಸಿಟಿ ಸ್ಕ್ಯಾನ್ ಕೂಡಿದಾಗಲೇ ಚಿತ್ರ ಸ್ಪಷ್ಟವಾಗುವುದು. ತಂದೆ-ತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗವಿದ್ದಲ್ಲಿ, 40 ದಾಟಿದವರು ತಪಾಸಣೆಯನ್ನು ಮುಂದೂಡಬಾರದು. ಹನಿ ಔಷಧ, ಲೇಸರ್, ಶಸ್ತ್ರಚಿಕಿತ್ಸೆಗಳು ಉಳಿದಿರುವ ದೃಷ್ಟಿಯನ್ನು ಕಾಪಾಡಬಲ್ಲವೇ ಹೊರತು ಕಳೆದುದನ್ನು ಮರಳಿಸಲಾರವು.

ಕಾರಣ ಯಾವುದೇ ಇರಲಿ, ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಅಂಟಿಸುವುದು, ಅನ್ನಕ್ಕೆ ಗಾಢ ಬಣ್ಣದ ತಟ್ಟೆ ಬಳಸುವುದು ಹಿರಿಯರಿರುವ ಮನೆಗಳಲ್ಲಿ ಇಂದೇ ಮಾಡಬಹುದಾದ ಕೆಲಸಗಳು.