ನಾಯಿಗೆ ಮೀನೆಣ್ಣೆ: ಬಾಟಲಿ ಮೇಲಿನ ಹೆಸರು ಓದಿ ಕೊಡಿ
ನಾಯಿ ಮೈ ಕೆರ್ಕೊಳ್ತಿದ್ರೆ ಮೊದಲು ಉಣ್ಣೆ, ಚಿಗಟ ನೋಡಬೇಕು. ಅವಕ್ಕೆ ಎಣ್ಣೆ ಮದ್ದಲ್ಲ. ಮೀನೆಣ್ಣೆಯಲ್ಲಿರುವ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಚರ್ಮದ ತುರಿಕೆ, ಮುದಿ ನಾಯಿಯ ಕೀಲುನೋವು ತಗ್ಗಿಸಲು ನೆರವಾಗುತ್ತದೆ. ಫಲ ಕಾಣಲು ಕೆಲವು ವಾರ ಬೇಕು. ಅಗಸೆ ಎಣ್ಣೆಯಲ್ಲೂ ಒಮೆಗಾ-3 ಇದೆ, ಆದರೆ ನಾಯಿಯ ದೇಹ ಅದನ್ನು ಇಪಿಎ, ಡಿಎಚ್‌ಎ ಆಗಿ ಬದಲಿಸಿಕೊಳ್ಳೋದು ತೀರಾ ಕಡಿಮೆ.

ಎಡವಟ್ಟಾಗೋದು ಕಾಡ್ ಲಿವರ್ ಆಯಿಲ್ ವಿಷಯದಲ್ಲಿ. ಇದೂ ಮೀನಿನದ್ದೇ, ಆದರೆ ಲಿವರ್‌ನಿಂದ ತೆಗೆದದ್ದು. ಇದರಲ್ಲಿ ಎ, ಡಿ ವಿಟಮಿನ್ ಜಾಸ್ತಿ; ಅಳತೆ ಮೀರಿ ದಿನಾ ಕೊಟ್ಟರೆ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಡಿ ಮಿತಿಮೀರಿದರೆ ಕಿಡ್ನಿಗೇ ಪೆಟ್ಟು.

ಯಾವ ಎಣ್ಣೆಯಾದರೂ ಒಂದು ಟೀ ಚಮಚಕ್ಕೆ ಸುಮಾರು 40 ಕ್ಯಾಲರಿ. ಹೆಚ್ಚಾದರೆ ಭೇದಿ. ಮುಧೋಳ ನಾಯಿ ತೆಳ್ಳಗಿರೋದು ತಳಿಗುಣ, ದಪ್ಪ ಮಾಡೋಕೆ ಎಣ್ಣೆ ಸುರಿಯೋದು ಬೇಡ. ತೂಕಕ್ಕೆ ತಕ್ಕ ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು.