ಮುಚ್ಚಳ ಮತ್ತು ದೀಪ: ಗಡಿಭಾಗದ ಒಂದು ರಿಪೇರಿಯ ಚರಿತ್ರೆ



ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಬಗ್ಗೆ ಪ್ರಬಂಧ ಓದ್ತೀನಿ ಅಂದಾಗ ನಮ್ಮ ತರಗತಿಯಲ್ಲಿ ಒಂದಿಬ್ಬರು ನಕ್ಕರು. ನಗಲಿ. ಒಂದು ಘಟನೆಗೆ ಕಾರಣ ಯಾವುದು ಅಂತ ನಾವು ಹೇಗೆ ತೀರ್ಮಾನ ಮಾಡ್ತೀವಿ ಅನ್ನೋದೇ ನನ್ನ ಪ್ರಶ್ನೆ. ಅದಕ್ಕೆ ಶಾಸನವೇ ಬೇಕಂತಿಲ್ಲ, ನಮ್ಮ ಮಾವನ ಕಾರೂ ಸಾಕು.

ನಮ್ಮ ತಾಯಿಯ ಊರು ಮಕ್ತಲ್ ಕಡೆಯದು. ಮಾವ ಅಲ್ಲಿ ಬಾಡಿಗೆಗೆ ಕಾರು ಓಡಿಸುತ್ತಾರೆ. 2018ರ ಪೆಟ್ರೋಲ್ ಗಾಡಿ. ನಾರಾಯಣಪೇಟೆಯ ಮದುವೆ ಮನೆಯವರನ್ನು ಸೀರೆ ಖರೀದಿಗೆ ಗದ್ವಾಲಕ್ಕೆ, ರೋಗಿಗಳನ್ನು ರಾಯಚೂರಿಗೆ ಕರೆದೊಯ್ಯುವುದು ಅವರ ಕೆಲಸ. ಹೋದ ವರ್ಷ ಒಂದು ದಿನ ಅವರ ಕಾರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿತು. ಹಿಂದಿನ ಸಂಜೆ ರಾಯಚೂರು ಕಡೆಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದರು. "ಆ ಹುಡುಗ ಢಕ್ಕನ್ ಬರೋಬ್ಬರಿ ಹಾಕಿಲ್ಲ, ಅದಕ್ಕ ಹತ್ತ್ಯಾದ" ಅಂದರು. ಮೆಕ್ಯಾನಿಕ್ ಕೂಡ ಫೋನಿನಲ್ಲಿ ಅಂಥದೇ ಒಂದು ವಿಡಿಯೊ ನೋಡಿದ್ದ. ಹೊಸ ಮುಚ್ಚಳ ಹಾಕಿದ, ದೀಪ ಆರಿತು. "ಢಕ್ಕನ್ ಬದಲ್ ಮಾಡಿದ್ರ ಲೈಟ್ ಹೋಯ್ತು ನೋಡಪಾ" ಅನ್ನೋದು ನಮ್ಮ ಮನೆಯಲ್ಲಿ ಒಂದು ಸಿದ್ಧಾಂತವೇ ಆಯಿತು.

ಈ ಸಿದ್ಧಾಂತ ಸುಳ್ಳಲ್ಲ. ಅದು ಬೇರೆ ದೇಶದ ಸತ್ಯ. ಪೆಟ್ರೋಲ್ ಸುಮ್ಮನೆ ಇದ್ದರೂ ಆವಿಯಾಗುತ್ತದೆ. ಆ ಆವಿ ಬಿಸಿಲಿನಲ್ಲಿ ಇತರ ಹೊಗೆಯೊಂದಿಗೆ ಸೇರಿ ನಗರದ ಮೇಲೆ ಮಬ್ಬು ಕವಿಯುವಂತೆ ಮಾಡುತ್ತದೆ ಎಂದು ಲಾಸ್ ಏಂಜಲೀಸಿನ ಗಾಳಿಯನ್ನು ಅಭ್ಯಾಸ ಮಾಡಿದ ವಿಜ್ಞಾನಿ ಹಾಗೆನ್‌-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿದರು. 1970ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ, ಮರುವರ್ಷದಿಂದ ಇಡೀ ಅಮೆರಿಕದಲ್ಲಿ ಟ್ಯಾಂಕಿನ ಆವಿಯನ್ನು ಹೊರಗೆ ಬಿಡಕೂಡದು ಎಂಬ ನಿಯಮ ಬಂತು. ಆವಿಯನ್ನು ಇದ್ದಿಲಿನ ಡಬ್ಬಿಯೊಂದು ಹೀರಿಟ್ಟುಕೊಂಡು, ಇಂಜಿನ್ ಓಡುವಾಗ ಸುಡಲು ಕಳಿಸುತ್ತದೆ. 1996ರಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೆ ಓಬಿಡಿ-2 ಎಂಬ ಸ್ವಯಂಪರೀಕ್ಷೆಯ ವ್ಯವಸ್ಥೆ ಕಡ್ಡಾಯವಾಯಿತು. ಆವಿಯ ದಾರಿಯಲ್ಲಿ ಸೋರಿಕೆ ಇದ್ದರೆ ಕಾರೇ ಪತ್ತೆಹಚ್ಚಿ ದೀಪ ಹೊತ್ತಿಸಬೇಕು. ಸೋರಿಕೆಗೆ ಎಲ್ಲಕ್ಕಿಂತ ಸುಲಭದ ಜಾಗ ಮುಚ್ಚಳ. ಪಿ0457 ಎಂಬ ಕೋಡಿನ ವಿವರಣೆಯಲ್ಲೇ ಮುಚ್ಚಳ ಸಡಿಲ ಅಥವಾ ಇಲ್ಲ ಎಂದಿದೆ. ಅಲ್ಲಿನವರು ಮೊದಲು ಮುಚ್ಚಳ ನೋಡಿ ಅನ್ನುವುದು ಹೀಗಾಗಿ.

ನಮ್ಮ ಕಥೆ ಬೇರೆ. ಭಾರತದಲ್ಲಿ 2000ದಿಂದ ಬಂದ ಭಾರತ್ ಸ್ಟೇಜ್ ನಿಯಮಗಳು ಯುರೋಪಿನ ಜಾಡು ಹಿಡಿದವು. ಬಿಎಸ್-4 ಕಾರುಗಳಿಗೆ 2010ರಿಂದ ಓಬಿಡಿಯ ಮೊದಲ ಹಂತ, 2013ರಿಂದ ಎರಡನೆಯ ಹಂತ ಬಂದವು. ದೇಶಕ್ಕೆಲ್ಲ ಬಿಎಸ್-4 ಅನ್ವಯವಾದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಇಲ್ಲೂ ಇದ್ದಿಲಿನ ಡಬ್ಬಿ ಉಂಟು, ಹಳದಿ ದೀಪವೂ ಉಂಟು. ಆದರೆ ಟ್ಯಾಂಕಿನ ಸೋರಿಕೆಯನ್ನು ಕಾರೇ ಅಳೆದು ಹೇಳಬೇಕೆಂಬ ಅಮೆರಿಕದ ಒತ್ತಾಯ ಯುರೋಪಿನ ಜಾಡಿನಲ್ಲಿ ಇರಲಿಲ್ಲ. ಹಾಗಾಗಿ ಮಾವನ ಗಾಡಿಯಂಥ ಕಾರಿನಲ್ಲಿ ದೀಪ ಹತ್ತಿದರೆ ಮುಚ್ಚಳವನ್ನು ಹಿಡಿಯುವುದಕ್ಕೆ ಆಧಾರ ಬಹಳ ಕಡಿಮೆ. ದೀಪದ ಚಿತ್ರ ಒಂದೇ, ಅದರ ಹಿಂದಿನ ಕಾನೂನು ಬೇರೆ.

ಹಾಗಾದರೆ ಮಾವನಿಗೆ ಮುಚ್ಚಳದ ಮೇಲೇ ಯಾಕೆ ಅನುಮಾನ ಬಂತು? ಇಲ್ಲಿ ಗಡಿ ಬರುತ್ತದೆ. 1956ರ ನವೆಂಬರ್ 1ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮಹಬೂಬನಗರಕ್ಕೆ ಸೇರಿತು. ಮಕ್ತಲ್, ನಾರಾಯಣಪೇಟೆ ಮೊದಲೇ ಆ ಜಿಲ್ಲೆಯಲ್ಲಿದ್ದವು. ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ, ಆಯಾ ರಾಜ್ಯದ ತೆರಿಗೆ ಆಯಾ ರಾಜ್ಯದ್ದು. ಕೆಲವು ವರ್ಷಗಳಿಂದ ತೆಲಂಗಾಣಕ್ಕಿಂತ ಕರ್ನಾಟಕದಲ್ಲಿ ಲೀಟರಿಗೆ ಹಲವು ರೂಪಾಯಿ ಕಡಿಮೆ. ರಾಯಚೂರಿಗೆ ಬಾಡಿಗೆ ಸಿಕ್ಕ ದಿನ ಮಾವ ಟ್ಯಾಂಕ್ ತುಂಬಿಸಿಯೇ ಕೃಷ್ಣಾ ನದಿ ದಾಟಿ ವಾಪಸ್ ಬರೋದು. "ಆಕಡಿ ಬಂಕಿನವ" ಅವರಿಗೆ ಪರಿಚಯದವನಲ್ಲ. ತಪ್ಪನ್ನು ಪರಿಚಯವಿಲ್ಲದವರ ಮೇಲೆ ಹಾಕೋದು ಸುಲಭ. ಕಾರಣದ ಆಯ್ಕೆಯಲ್ಲೂ ಗಡಿ ಕೆಲಸ ಮಾಡಿತ್ತು.

ಭಾಷೆಯ ವಿದ್ಯಾರ್ಥಿಯಾಗಿ ಒಂದು ಮಾತು. ಆ ಗ್ಯಾರೇಜಿನಲ್ಲಿ ಒಂದೇ ವಸ್ತುವಿಗೆ ನಾನು ಮೂರು ಹೆಸರು ಕೇಳಿದೆ: ಢಕ್ಕನ್, ಮೂತ, ಮುಚ್ಚಳ. ಉರ್ದು, ತೆಲುಗು, ಕನ್ನಡ. ಒಂದೇ ವಾಕ್ಯದಲ್ಲಿ ಮೂರೂ ಬಂದರೂ ಯಾರಿಗೂ ತೊಡಕಾಗಲಿಲ್ಲ. ದೀಪಕ್ಕೆ ಮಾತ್ರ ಮೂರು ಭಾಷೆಯಲ್ಲೂ "ಚೆಕ್ ಲೈಟ್" ಎಂಬ ಒಂದೇ ಹೆಸರು. ಅದರ ಅರ್ಥ 'ಪರೀಕ್ಷಿಸು' ಅಂತ. ಅದನ್ನು ನಾವೆಲ್ಲ 'ಆರಿಸು' ಅಂತ ಓದಿಕೊಂಡೆವು.

ಮುಂದಿನದು ಹೀಗಾಯಿತು. ಹತ್ತು ದಿನದ ಮೇಲೆ ಜುರಾಲ ಡ್ಯಾಂ ದಾಟಿ ಗದ್ವಾಲಕ್ಕೆ ಹೋಗುವಾಗ ದೀಪ ಮತ್ತೆ ಹೊತ್ತಿತು. ಈ ಸಲ ಮಿಣುಕುತ್ತಿತ್ತು. ಗಾಡಿ ಜಗ್ಗಿ ಜಗ್ಗಿ ಓಡಿತು. ಒಳಗೆ ಮದುವೆ ಮನೆಯವರು ಐದು ಜನ. "ಢಕ್ಕನ್ ಹೊಸಾದೇ ಅದ" ಅಂತ ಮಾವ ನಿಲ್ಲಿಸಲಿಲ್ಲ. ಗದ್ವಾಲದಲ್ಲಿ ಒಬ್ಬ ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚಿದ. ಪಿ0301 ಬಂತು, ಅಂದರೆ ಒಂದನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಇಗ್ನಿಷನ್ ಕಾಯಿಲ್ ಹೋಗಿತ್ತು. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೂ ಹಾಳು ಮಾಡಿತ್ತು. ಮೊದಲ ದಿನವೇ ನೋಡಿದ್ದರೆ ಕಾಯಿಲ್ ಖರ್ಚಿನಲ್ಲಿ ಮುಗಿಯುತ್ತಿತ್ತು. ಈಗ ಮಾವನ ಎರಡು ತಿಂಗಳ ದುಡಿಮೆ ಹೋಯಿತು. ಅತ್ತೆಯ ಬಳೆ ಅಡವಿಗೆ ಹೋಯಿತು.

ಮತ್ತೆ ಮುಚ್ಚಳ ಹಾಕಿದಾಗ ದೀಪ ಆರಿದ್ದು ಹೇಗೆ? ನಾನು ಮಕ್ತಲಿಗೆ ಹೋಗಿ ಆ ಮೊದಲ ಮೆಕ್ಯಾನಿಕನನ್ನು ಕೇಳಿದೆ. ಆತ ಮುಚ್ಚಿಡಲಿಲ್ಲ. "ಬ್ಯಾಟ್ರಿ ವೈರ್ ಬಿಚ್ಚಿ ಮತ್ತ ಹಾಕಿದ್ದೆರಿ, ಹಂಗೇ ಮಾಡ್ತೀವಿ" ಅಂದ. ಬ್ಯಾಟರಿ ಬಿಚ್ಚಿದರೆ ಎಷ್ಟೋ ಗಾಡಿಗಳಲ್ಲಿ ಕೋಡು ಅಳಿಸಿಹೋಗುತ್ತದೆ, ದೀಪ ಆರುತ್ತದೆ, ರೋಗ ಹಾಗೇ ಇರುತ್ತದೆ. ಆ ದಿನ ನಡೆದದ್ದು ಎರಡು ಕೆಲಸ. ಮನೆಯ ನೆನಪಿನಲ್ಲಿ ಉಳಿದದ್ದು ಒಂದೇ, ದುಡ್ಡು ಕೊಟ್ಟು ಕೊಂಡದ್ದು, ಕಣ್ಣಿಗೆ ಕಾಣುವಂಥದ್ದು. ಅಳಿಸಿಹೋದ ಕೋಡು ನಮ್ಮ ಪಾಲಿನ ಕಳೆದುಹೋದ ದಾಖಲೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಬಳೆ ಉಳಿಯುತ್ತಿತ್ತು.

ಪ್ರಬಂಧದ ಕರಡು ಓದಿ ನಮ್ಮ ಮೇಡಂ ಕೇಳಿದರು: "ಹಾಗಾದ್ರೆ ಮುಚ್ಚಳ ಬದಲಾಯಿಸಿದ್ದು ತಪ್ಪಾ?" ತಪ್ಪಲ್ಲ ಮೇಡಂ. ರಬ್ಬರ್ ಬಳೆ ಬಿರಿದಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಬದಲಾಯಿಸಲೇಬೇಕು. ಟಕ್ ಅನ್ನುವವರೆಗೆ ತಿರುಗಿಸಿ ನೋಡುವುದಕ್ಕೆ ಖರ್ಚೂ ಇಲ್ಲ. ಅದನ್ನೇ ತೀರ್ಮಾನ ಅಂದುಕೊಂಡದ್ದು ತಪ್ಪು. ದೀಪ ಸುಮ್ಮನೆ ಹತ್ತಿದ್ದರೆ ಕೋಡು ಓದಿಸಿ, ಬರೆದಿಟ್ಟುಕೊಂಡು, ಆಮೇಲೆ ಅಳಿಸಬೇಕು. ಮಿಣುಕಿದರೆ ವೇಗ ಇಳಿಸಿ ಗಾಡಿ ನಿಲ್ಲಿಸಬೇಕು.

ಈಗ ಮಾವನ ಗಾಡಿಯಲ್ಲಿ ಒಂದು ನೋಟ್‌ಬುಕ್ ಇದೆ. ತಾರೀಖು, ಕಿಲೋಮೀಟರ್, ಕೋಡು, ಏನೇನು ಬಿಚ್ಚಿದರು, ಏನೇನು ಹಾಕಿದರು, ಎಲ್ಲ ಬರೆಯುತ್ತಾರೆ, ತೆಲುಗು ಅಕ್ಷರದಲ್ಲಿ, ನಮ್ಮ ಕನ್ನಡದಲ್ಲಿ. ಮೊದಲ ಪುಟದಲ್ಲಿ ಪಿ0301 ಅಂತಿದೆ. ಅದರ ಹಿಂದಿನದೊಂದು ಸಾಲು ಖಾಲಿ ಬಿಟ್ಟಿದ್ದಾರೆ. "ಅದು ಢಕ್ಕನ್ ದಿನದ್ದು. ಏನಿತ್ತೋ ಗೊತ್ತಿಲ್ಲಲ್ಲ, ಹೆಂಗ ಬರೀಲಿ?" ಅಂದರು.